ಹೋಂಸ್ಟೇ ಹೆಸರಲ್ಲಿ ನಕಲಿ ಪೇಜ್ ಬಂದರೆ: ದೊಡ್ಡ ಕಂಪನಿಯಿಂದ ಉತ್ತರ ತರಿಸುವುದು ಹೇಗೆ?

ಡಿಸೆಂಬರ್ ಕೊನೆಯ ವಾರ. ಕೊಡಗಿನ ಕಕ್ಕಬ್ಬೆ ಹತ್ತಿರ ಅಕ್ಕನ ಮನೆಯ ಕಣದಲ್ಲಿ ಕಾಫಿ ಹರಡಿತ್ತು. ರಾತ್ರಿ ಎಂಟೂವರೆಗೆ ಗೇಟಿನ ಮುಂದೆ ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ನಿದ್ದೆಗಣ್ಣಿನ ಎರಡು ಮಕ್ಕಳು. ಬೆಂಗಳೂರಿನಿಂದ ಬಂದಿದ್ದರು. "ಎರಡು ದಿನಕ್ಕೆ ಬುಕ್ ಮಾಡಿದ್ದೇವೆ ಮೇಡಂ, 9,000 ಅಡ್ವಾನ್ಸ್ ಕೂಡ ಹಾಕಿದ್ದೇವೆ" ಅಂದರು. ಅಕ್ಕನ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ.

ಅವರು ಫೋನ್ ತೋರಿಸಿದರು. ಸೋಷಿಯಲ್ ಮೀಡಿಯಾದಲ್ಲಿ ಅಕ್ಕನ ಹೋಂಸ್ಟೇ ಹೆಸರಿನದೇ ಒಂದು ಪೇಜ್. ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಮಾತ್ರ ಹೆಚ್ಚಿಗೆ. ಫೋಟೋಗಳೆಲ್ಲ ಅಕ್ಕನ ಮನೆಯವೇ. ಜಗಲಿಯ ಬೆಂಚಿನ ಕೆಳಗೆ ಮಲಗಿದ್ದ ಕಂದು ನಾಯಿ ಕೂಡ ಹಾಗೇ ಇತ್ತು. ಆ ನಾಯಿ ಸತ್ತು ಆಗಲೇ ಒಂದು ವರ್ಷವಾಗಿತ್ತು. ಫೋನ್ ನಂಬರ್ ಮಾತ್ರ ಯಾರದೋ. "ಮಕ್ಕಳಿಗೆ ಮೊದಲು ಊಟ ಹಾಕ್ತೀನಿ, ಒಳಗೆ ಬನ್ನಿ, ಆಮೇಲೆ ಮಾತಾಡೋಣ" ಎಂದು ಅಕ್ಕ ಅವರನ್ನು ಒಳಗೆ ಕರೆದಳು.

ಮರುದಿನ ಬೆಳಗ್ಗೆ ನನಗೆ ಫೋನ್ ಬಂತು. ನಾನು ಮಡಿಕೇರಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತೇನೆ. ಅರ್ಜಿ, ಸ್ವೀಕೃತಿ, ಗಡುವು, ಮೇಲ್ಮನವಿ, ದಿನವೂ ನನಗೆ ಇದೇ ಕೆಲಸ. ಆದರೂ ಮೊದಲ ಒಂದು ವಾರ ನಾವು ದಾರಿ ತಪ್ಪಿದೆವು. ಮನೆಯ ಆರೂ ಜನ ಆ ಪೇಜ್ ಮೇಲೆ ರಿಪೋರ್ಟ್ ಬಟನ್ ಒತ್ತುತ್ತಾ ಕೂತೆವು. "ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ" ಎಂಬ ಒಂದೇ ಉತ್ತರ ಆರೂ ಫೋನಿಗೆ ಬಂತು. ಆ ವಾರದಲ್ಲಿ ಇನ್ನೂ ಎರಡು ಕುಟುಂಬಗಳು ಹಣ ಕಳೆದುಕೊಂಡವು. ನಿಮಗೆ ಆ ಒಂದು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ರಿಪೋರ್ಟ್ ಬೇರೆ, ದೂರು ಬೇರೆ

ಇದೊಂದನ್ನು ಮೊದಲು ತಿಳಿದುಕೊಳ್ಳಿ. ರಿಪೋರ್ಟ್ ಬಟನ್ ಕಂಪನಿಯು ತನ್ನ ಅನುಕೂಲಕ್ಕೆ ಇಟ್ಟುಕೊಂಡದ್ದು. ಅದನ್ನು ಒತ್ತಿದರೆ ಕಂಪನಿ ತನ್ನದೇ ನಿಯಮಪುಸ್ತಕ ನೋಡುತ್ತದೆ. ಬಹಳ ಸಲ ಮನುಷ್ಯರು ನೋಡುವುದೂ ಇಲ್ಲ. ಕುಂದುಕೊರತೆ ಅಧಿಕಾರಿಗೆ ಕೊಡುವ ದೂರು ಹಾಗಲ್ಲ. ಅಂಥ ಅಧಿಕಾರಿಯನ್ನು ಇಡಲೇಬೇಕು ಎಂದು ಭಾರತದ ಕಾನೂನು ಹೇಳುತ್ತದೆ. ಅವರಿಗೆ ಗಡುವು ಇದೆ, ಅವರ ಉತ್ತರದ ಮೇಲೆ ಮೇಲ್ಮನವಿಯೂ ಇದೆ.

ಕಾನೂನಿನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಪತ್ರ ಬರೆಯುವಾಗ ಕೈ ಗಟ್ಟಿಯಾಗುತ್ತದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 79ನೇ ಸೆಕ್ಷನ್ ಇದೆ. ಬೇರೆಯವರು ಹಾಕಿದ ವಿಷಯಕ್ಕೆ ಅದನ್ನು ಹೊತ್ತು ತಿರುಗುವ ಕಂಪನಿ ಹೊಣೆಯಲ್ಲ ಎಂದು ಅದು ಹೇಳುತ್ತದೆ. ಪತ್ರದಲ್ಲಿ ಬೈಗುಳ ಬರೆದಿದ್ದರೆ ಅಂಚೆಯಣ್ಣನನ್ನು ಹಿಡಿಯುವುದಿಲ್ಲ, ಅಲ್ವಾ? ಹಾಗೆಯೇ. ಆದರೆ ಈ ರಕ್ಷಣೆಗೆ ಷರತ್ತು ಇದೆ. ಕಂಪನಿ ತಕ್ಕ ಎಚ್ಚರ ವಹಿಸಬೇಕು, ಸರ್ಕಾರದ ನಿಯಮ ಪಾಲಿಸಬೇಕು. ಆ ನಿಯಮಗಳ ಈಗಿನ ರೂಪ 2021ರ ಫೆಬ್ರವರಿ 25ರಂದು ಬಂತು. ಪಾಲಿಸದಿದ್ದರೆ 79ರ ಕೊಡೆ ಹೋಗುತ್ತದೆ ಎಂದು ಅದರ 7ನೇ ನಿಯಮ ಹೇಳುತ್ತದೆ. ದೊಡ್ಡ ಕಂಪನಿಯ ವಕೀಲರಿಗೆ ಜಾಸ್ತಿ ಚಿಂತೆ ಇರುವುದು ಈ ಸಾಲಿನದು.

ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಸೋಷಿಯಲ್ ಮೀಡಿಯಾ ಕಂಪನಿಗೆ ಇನ್ನೂ ಹೆಚ್ಚಿನ ಹೊಣೆ. ಅದರ ಕುಂದುಕೊರತೆ ಅಧಿಕಾರಿ ಭಾರತದಲ್ಲೇ ವಾಸವಾಗಿರಬೇಕು. ಕಂಪನಿಗೆ ಇಲ್ಲೊಂದು ವಿಳಾಸ ಇರಬೇಕು. ಬಂದ ದೂರೆಷ್ಟು, ಮಾಡಿದ ಕೆಲಸವೇನು ಎಂದು ಪ್ರತಿ ತಿಂಗಳು ವರದಿ ಹಾಕಬೇಕು. "ನಮ್ಮ ಆಫೀಸು ಅಮೆರಿಕದಲ್ಲಿದೆ" ಎಂಬ ಮಾತು ಅಂಥ ಕಂಪನಿಯ ಬಾಯಲ್ಲಿ ನಡೆಯುವುದಿಲ್ಲ.

ಹೆಜ್ಜೆ 1: ಹಣ ಹೋಗಿದ್ದರೆ ಮೊದಲು 1930

ಹಣ ಕಳೆದುಕೊಂಡವರು ನಿಮ್ಮ ಎದುರಿಗೇ ನಿಂತಿದ್ದರೆ ಬೇರೆಲ್ಲ ಆಮೇಲೆ. ಅವರ ಫೋನಿನಿಂದಲೇ 1930ಕ್ಕೆ ಕರೆ ಮಾಡಿಸಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಯುಪಿಐ ವಹಿವಾಟಿನ ನಂಬರ್, ಹಣ ಹೋದ ದಿನ, ಗಂಟೆ, ಮೊತ್ತ ಕೈಯಲ್ಲಿರಲಿ. ಹಣ ಇನ್ನೂ ಯಾವುದೋ ಖಾತೆಯಲ್ಲೇ ಕೂತಿದ್ದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ಅವರ ಬ್ಯಾಂಕಿಗೂ ಆಗಲೇ ತಿಳಿಸಲು ಹೇಳಿ.

ಅಕ್ಕನ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಆ ಚಳಿಯಲ್ಲಿ ಆ ಮನುಷ್ಯ ಅಲ್ಲೇ ನಿಂತು ಕರೆ ಮಾಡಿದರು. ತೋಟದ ನಡುವೆ ಮನೆ ಇರುವವರು ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಅತಿಥಿಗಳಿಗೆ ಮೊದಲೇ ಹೇಳಿರಬೇಕು ಅಂತ ನನಗೆ ಆಗ ಅನ್ನಿಸಿತು.

ಹೆಜ್ಜೆ 2: ಪುರಾವೆ ಕೂಡಿಡಿ, ಪೇಜ್ ಮಾಯವಾಗುವ ಮೊದಲೇ

ಸಿಟ್ಟಿನಲ್ಲಿ ಆ ನಂಬರಿಗೆ ಫೋನ್ ಮಾಡಿ ಬಯ್ಯಬೇಡಿ. ಬೈದರೆ ಅವರು ಪೇಜ್ ಹೆಸರು ಬದಲಿಸಿ ಬೇರೆ ಊರಿನ ಹೋಂಸ್ಟೇ ಆಗಿಬಿಡುತ್ತಾರೆ. ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪೇಜಿನ ಪೂರ್ತಿ ಲಿಂಕ್ ಕಾಪಿ ಮಾಡಿ ಒಂದು ಕಡೆ ಬರೆದಿಡಿ. ಪೇಜಿನ ಹೆಸರು ಸಾಲದು. ಆ ಹೆಸರಿನಲ್ಲಿ ನಾಲ್ಕು ಪೇಜ್ ಇರಬಹುದು, ಅದರಲ್ಲಿ ಒಂದು ನಿಮ್ಮದೇ ಇರಬಹುದು. ನಾವು ಮೊದಲ ಸಲ ಹೆಸರು ಮಾತ್ರ ಬರೆದಿದ್ದೆವು. "ಯಾವ ಪೇಜ್ ಎಂದು ಗೊತ್ತಾಗಲಿಲ್ಲ" ಎಂದು ವಾಪಸ್ ಬಂತು. ಮೋಸದ ಪೋಸ್ಟ್ ಒಂದೊಂದಕ್ಕೂ ಬೇರೆ ಲಿಂಕ್ ಇರುತ್ತದೆ, ಅವನ್ನೂ ಬರೆಯಿರಿ.

ಸ್ಕ್ರೀನ್‌ಶಾಟ್ ತೆಗೆಯುವಾಗ ದಿನ, ಗಂಟೆ ಕಾಣುವಂತಿರಲಿ. ಕಂಪ್ಯೂಟರಿನಲ್ಲಿ ತೆಗೆದರೆ ಮೇಲಿನ ಲಿಂಕ್ ಪಟ್ಟಿಯೂ ಸೇರಲಿ. ಪೇಜನ್ನು ಮೇಲಿಂದ ಕೆಳಗೆ ಸರಿಸುತ್ತಾ ಒಂದು ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಹಣ ಕೊಟ್ಟವರಿಂದ ಅವರ ಚಾಟ್, ಯುಪಿಐ ರಸೀದಿ, ಮೋಸಗಾರರ ನಂಬರ್ ತೆಗೆದುಕೊಳ್ಳಿ. ಮೂಲ ಚಾಟ್ ಅವರ ಫೋನಿನಲ್ಲೇ ಇರಲಿ, ಅಳಿಸಬೇಡಿ ಎಂದು ಹೇಳಿ. ಮುಂದೆ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಇನ್ನು ಫೋಟೋ ನಿಮ್ಮದೇ ಎಂದು ತೋರಿಸಬೇಕು. ನಮಗೆ ಕೈಹಿಡಿದದ್ದು ಆ ನಾಯಿ. ಅಕ್ಕನ ಹಳೆಯ ಫೋನಿನಲ್ಲಿ ಮೂಲ ಫೋಟೋ ಇತ್ತು. ಅದರ ವಿವರ ತೆರೆದರೆ ತೆಗೆದ ದಿನ, ಗಂಟೆ ಎಲ್ಲ ಕಾಣುತ್ತಿತ್ತು, ನಕಲಿ ಪೇಜ್ ಹುಟ್ಟುವುದಕ್ಕಿಂತ ಎರಡು ವರ್ಷ ಮೊದಲಿನದು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಈ ವಿವರ ಉಳಿಯುವುದಿಲ್ಲ. ಮೂಲ ಫೈಲನ್ನೇ ಕಾಪಾಡಿಕೊಳ್ಳಿ. ಹಣ ಕೊಟ್ಟು ಫೋಟೋಗ್ರಾಫರ್ ಕೈಯಲ್ಲಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕುಸ್ವಾಮ್ಯ ತೆಗೆಸಿದವರದು. ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಅದನ್ನು ಹೇಳುತ್ತದೆ. ಬಿಲ್ ಹುಡುಕಿಟ್ಟುಕೊಳ್ಳಿ. ಹೋಂಸ್ಟೇ ನೋಂದಣಿ ಪತ್ರ, ಕರೆಂಟ್ ಬಿಲ್ಲಿನ ಪ್ರತಿಯೂ ಇರಲಿ.

ಹೆಜ್ಜೆ 3: ಕುಂದುಕೊರತೆ ಅಧಿಕಾರಿಗೆ ಪತ್ರ

ಆ್ಯಪ್ ಅಥವಾ ವೆಬ್‌ಸೈಟಿನ ತೀರಾ ಕೆಳಗೆ ಹೋಗಿ. "ಸಹಾಯ", "ಕಾನೂನು", "ನಿಯಮ ಮತ್ತು ಷರತ್ತು" ಎಂಬ ಜಾಗಗಳಲ್ಲಿ ಭಾರತದ ಗ್ರೀವೆನ್ಸ್ ಆಫೀಸರ್ ಎಂದು ಹುಡುಕಿ. ಅವರ ಹೆಸರು, ಸಂಪರ್ಕ ಎದ್ದು ಕಾಣುವಂತೆ ಹಾಕಬೇಕು ಎಂದು ಅದೇ 2021ರ ನಿಯಮಗಳ 3(2)ನೇ ನಿಯಮ ಹೇಳುತ್ತದೆ. ನಮಗೆ ಅದು ಎದ್ದು ಕಾಣಲಿಲ್ಲ, ಐದು ಪುಟ ದಾಟಿದ ಮೇಲೆ ಸಿಕ್ಕಿತು. ಕೆಲವು ಕಂಪನಿಗಳು ಫಾರ್ಮ್ ಇಡುತ್ತವೆ. ಫಾರ್ಮ್ ತುಂಬಿದರೆ ಸಬ್ಮಿಟ್ ಒತ್ತುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಮೇಲೆ ಅದು ಮತ್ತೆ ಕಾಣುವುದಿಲ್ಲ. ಈಮೇಲ್ ವಿಳಾಸವೂ ಇದ್ದರೆ ಅದಕ್ಕೂ ಕಳಿಸಿ.

ಪತ್ರ ಚಿಕ್ಕದಾಗಿರಲಿ. ನಿಮ್ಮ ಕಷ್ಟದ ಕತೆ ಬೇಡ. ನಾನು ಅಕ್ಕನಿಗೆ ಬರೆದುಕೊಟ್ಟದ್ದು ಹೆಚ್ಚುಕಡಿಮೆ ಹೀಗಿತ್ತು:

"ಇವರಿಗೆ, ಕುಂದುಕೊರತೆ ಅಧಿಕಾರಿಗಳು. ವಿಷಯ: 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 3(2)ರ ಅಡಿಯಲ್ಲಿ ದೂರು. ನಾನು ಕೊಡಗು ಜಿಲ್ಲೆಯಲ್ಲಿ ನೋಂದಾಯಿತ ಹೋಂಸ್ಟೇ ನಡೆಸುತ್ತಿದ್ದೇನೆ. ಕೆಳಗಿನ ಲಿಂಕಿನ ಪೇಜ್ ನನ್ನ ಹೆಸರು, ನನ್ನ ಹೋಂಸ್ಟೇ ಹೆಸರು, ನನ್ನ ಫೋಟೋ ಬಳಸಿ ನಾನೇ ಎಂದು ನಟಿಸಿ ಜನರಿಂದ ಮುಂಗಡ ಹಣ ಪಡೆಯುತ್ತಿದೆ. ಈವರೆಗೆ ಮೂರು ಕುಟುಂಬಗಳು ಹಣ ಕಳೆದುಕೊಂಡಿವೆ. ಇದು 3(1)(ಬಿ) ನಿಯಮದಲ್ಲಿ ಹೇಳಿರುವ ಸೋಗು ಹಾಕುವ ವಿಷಯ. ಸೈಬರ್ ದೂರಿನ ಸ್ವೀಕೃತಿ ಸಂಖ್ಯೆ ಇಲ್ಲಿದೆ. ಪೇಜನ್ನು ನಿಯಮದ ಗಡುವಿನೊಳಗೆ ತೆಗೆಯಬೇಕು, ಆ ಖಾತೆಯ ದಾಖಲೆಗಳನ್ನು ತನಿಖೆಗಾಗಿ ಕಾಪಾಡಬೇಕು, ಮಾಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂದು ಕೋರುತ್ತೇನೆ."

"ಕಾರಣವನ್ನು ಬರಹದಲ್ಲಿ" ಎಂಬ ಮಾತನ್ನು ಬಿಡಬೇಡಿ, ಮೇಲ್ಮನವಿಗೆ ಅದೇ ಬೇಕಾಗುವುದು. ದಾಖಲೆ ಕಾಪಾಡಿ ಎಂದು ಕೇಳುವುದೂ ಅಷ್ಟೇ ಮುಖ್ಯ. ಪೇಜ್ ಹೋದ ಮೇಲೆ ಅದನ್ನು ನಡೆಸಿದ್ದು ಯಾರು ಎಂದು ಪೊಲೀಸರು ಕೇಳುತ್ತಾರೆ.

ಕನ್ನಡದಲ್ಲಿ ಬರೆಯಬಹುದಾ? ಬರೆಯಿರಿ. ಕಂಪನಿಗಳು ತಮ್ಮ ನಿಯಮ, ಗೌಪ್ಯತಾ ನೀತಿಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಕೊಡಬೇಕು ಎಂದು 2022ರ ಅಕ್ಟೋಬರ್ ತಿದ್ದುಪಡಿ ಹೇಳಿದೆ. ಕನ್ನಡ ಅದರಲ್ಲಿದೆ. ಆದರೆ ಉತ್ತರ ಬೇಗ ಬರಲಿ ಎಂದು ನಾನು ಕೆಳಗೆ ಇಂಗ್ಲಿಷ್ ಅನುವಾದವನ್ನೂ ಸೇರಿಸುತ್ತೇನೆ. ಹಕ್ಕಿನ ಮಾತು ಬೇರೆ, ಅವಸರದ ಕೆಲಸ ಬೇರೆ.

ಗಡುವಿನ ಲೆಕ್ಕ ಹೀಗೆ. ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. 2021ರಲ್ಲಿ ನಿಯಮ ಬಂದಾಗ ದೂರು ಮುಗಿಸಲು 15 ದಿನ ಇತ್ತು. ಸೋಗು ಹಾಕಿದಂಥ ಕೆಲವು ವಿಷಯಗಳನ್ನು ತೆಗೆಯಿರಿ ಎಂಬ ದೂರಿಗೆ 2022ರ ತಿದ್ದುಪಡಿ 72 ಗಂಟೆ ಇಟ್ಟಿತು. ವ್ಯಕ್ತಿಯ ಖಾಸಗಿ ಅಂಗ ತೋರಿಸುವ ಚಿತ್ರ, ತಿರುಚಿದ ಚಿತ್ರ, ಒಬ್ಬ ವ್ಯಕ್ತಿಯ ಸೋಗು, ಇವುಗಳ ಬಗ್ಗೆ ಆ ವ್ಯಕ್ತಿಯೋ ಅವರ ಪರವಾಗಿ ಬೇರೆಯವರೋ ದೂರು ಕೊಟ್ಟರೆ 2021ರಲ್ಲೇ 24 ಗಂಟೆ ಎಂದು ಹೇಳಿತ್ತು. ಈ ನಿಯಮಕ್ಕೆ ಆಗಾಗ ತಿದ್ದುಪಡಿ ಬರುತ್ತದೆ. ಹಾಗಾಗಿ ಪತ್ರ ಬರೆಯುವ ದಿನ ಐಟಿ ಸಚಿವಾಲಯದ ವೆಬ್‌ಸೈಟಿನಲ್ಲಿ ಇತ್ತೀಚಿನ ಪ್ರತಿ ನೋಡಿಕೊಳ್ಳಿ.

ಹೆಣ್ಣುಮಕ್ಕಳ ಚಿತ್ರ ತಿರುಚಿ ಹಾಕಿದ ಪ್ರಕರಣವೂ ನನ್ನ ಅಂಗಡಿಗೆ ಬಂದಿದೆ. ಅಂಥದ್ದರಲ್ಲಿ ಮನೆಯವರು ನಾಚಿಕೆಯಿಂದ ನಾಲ್ಕು ದಿನ ಸುಮ್ನೆ ಕೂರುತ್ತಾರೆ. ದಯವಿಟ್ಟು ಕೂರಬೇಡಿ. ಆ ಹುಡುಗಿಯೇ ಬರೆಯಬೇಕು ಎಂದೇನಿಲ್ಲ, ಅವಳ ಪರವಾಗಿ ಬೇರೆಯವರೂ ದೂರು ಕೊಡಬಹುದು. ನಿಯಮದಲ್ಲೇ ಹಾಗಿದೆ.

ಅಕ್ಕನ ಪತ್ರ ಸೋಮವಾರ ಬೆಳಗ್ಗೆ ಹೋಯಿತು. ಸಂಜೆಗೆ ಟಿಕೆಟ್ ನಂಬರ್ ಬಂತು. ಗುರುವಾರ ಮಧ್ಯಾಹ್ನ ಪೇಜ್ ಇರಲಿಲ್ಲ.

ಹೆಜ್ಜೆ 4: ಒಪ್ಪದಿದ್ದರೆ ಮೇಲ್ಮನವಿ

ಅದೇ ಮೋಸಗಾರರು ಇನ್ನೊಂದು ಕಂಪನಿಯ ನಕ್ಷೆ ಸೇವೆಯಲ್ಲಿ ಅಕ್ಕನ ಹೋಂಸ್ಟೇ ಇದ್ದ ಜಾಗದ ಫೋನ್ ನಂಬರನ್ನೇ ಬದಲಿಸಿದ್ದರು. ಅಲ್ಲಿ ದೂರು ಕೊಟ್ಟರೆ "ಪರಿಶೀಲಿಸಿದ್ದೇವೆ, ಬದಲಾವಣೆ ಬೇಕಿಲ್ಲ" ಎಂಬ ಉತ್ತರ ಬಂತು. ಇಂಥ ಉತ್ತರ ಬಂದಾಗ ಹೆಚ್ಚಿನವರು ಕೈಬಿಡುತ್ತಾರೆ. ಬಿಡಬೇಡಿ, ಇಲ್ಲಿಂದ ಮುಂದೆ ಸರ್ಕಾರದ ದಾರಿ ಇದೆ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೂರು ಕುಂದುಕೊರತೆ ಮೇಲ್ಮನವಿ ಸಮಿತಿಗಳನ್ನು ಮಾಡಿತು. ಎಲ್ಲ ಆನ್‌ಲೈನ್. ದೆಹಲಿಗೆ ಹೋಗುವುದು ಬೇಡ, ವಕೀಲರೂ ಬೇಕೇಬೇಕು ಎಂದಿಲ್ಲ. ವಿಳಾಸ ಜಿಎಸಿ ಡಾಟ್ ಗವ್ ಡಾಟ್ ಇನ್. ಕಂಪನಿಯ ಉತ್ತರ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಸಮಿತಿಯೂ 30 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು. ಅದರ ಆದೇಶವನ್ನು ಕಂಪನಿ ಪಾಲಿಸಬೇಕು, ಪಾಲಿಸಿದ ವರದಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು.

ಸೇರಿಸಬೇಕಾದ್ದು: ನಿಮ್ಮ ಮೂಲ ದೂರು, ಟಿಕೆಟ್ ನಂಬರ್, ಕಂಪನಿಯ ಉತ್ತರ, ಲಿಂಕ್, ಪುರಾವೆ. ರಿಪೋರ್ಟ್ ಬಟನ್ ಒತ್ತಿದ್ದಷ್ಟೇ ಇದ್ದರೆ ಇಲ್ಲಿ ಸೋಲುತ್ತೀರಿ. ಮೇಲ್ಮನವಿ ಇರುವುದು ಕುಂದುಕೊರತೆ ಅಧಿಕಾರಿಯ ತೀರ್ಮಾನದ ಮೇಲೆ. ಅಕ್ಕನಿಗೆ ಸಿಟ್ಟು ಬಂದದ್ದೂ ಇಲ್ಲೇ. "ಆರು ಜನ ಒತ್ತಿದ್ದೆವಲ್ಲ ತಮ್ಮ, ಅದು ಲೆಕ್ಕಕ್ಕೇ ಇಲ್ವಾ?" ಎಂದು ಕೇಳಿದಳು. ಇಲ್ಲ, ಲೆಕ್ಕಕ್ಕಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಒಂದು ಮಾತು. ಜೂನ್ ಬಂದರೆ ನಮ್ಮ ಕಡೆ ಕರೆಂಟ್ ದಿನಗಟ್ಟಲೆ ಹೋಗುತ್ತದೆ, ಅದರ ಹಿಂದೆ ಟವರೂ ಹೋಗುತ್ತದೆ. 30ನೇ ದಿನಕ್ಕೆ ಕಾಯಬೇಡಿ. ಪತ್ರ, ಪಿಡಿಎಫ್ ಎಲ್ಲ ಫೋನಿನಲ್ಲೇ ತಯಾರು ಮಾಡಿಟ್ಟು, ನಾಪೋಕ್ಲುವಿಗೋ ವಿರಾಜಪೇಟೆಗೋ ಹೋದ ದಿನ ಕಳಿಸಿಬಿಡಿ.

ಹೆಜ್ಜೆ 5: ಪೊಲೀಸ್ ದೂರು, ಜೊತೆಜೊತೆಗೇ

ಇದನ್ನು ಐದನೆಯದಾಗಿ ಬರೆದಿದ್ದರೂ ಎರಡನೇ ಹೆಜ್ಜೆ ಮುಗಿದ ಕೂಡಲೇ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿದರೆ ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಕಂಪನಿಗೆ ಬರೆಯುವ ಪತ್ರದಲ್ಲಿ ಆ ಸಂಖ್ಯೆ ಇದ್ದರೆ ತೂಕವೇ ಬೇರೆ.

ಬೇರೆಯವರ ಗುರುತು ಕದಿಯುವುದು ಐಟಿ ಕಾಯ್ದೆಯ 66ಸಿ, ಕಂಪ್ಯೂಟರ್ ಬಳಸಿ ಸೋಗು ಹಾಕಿ ಮೋಸ ಮಾಡುವುದು 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಈ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂದು 78ನೇ ಸೆಕ್ಷನ್ ಹೇಳುತ್ತದೆ. ಸಣ್ಣ ಠಾಣೆಯಲ್ಲಿ "ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ" ಎಂದು ಹೇಳಿದರೆ ಬೇಸರ ಬೇಡ, ಅದಕ್ಕೊಂದು ಕಾರಣ ಇದೆ. ಆದರೆ ದೂರು ತೆಗೆದುಕೊಳ್ಳುವುದೇ ಇಲ್ಲ ಎಂದರೆ ಒಪ್ಪಬೇಡಿ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ.

ಹಣ ಕಳೆದುಕೊಂಡವರೂ ಬೇರೆಯಾಗಿ ದೂರು ಕೊಡಬೇಕು. ಮೋಸ ಹೋದವರು ಅವರು, ಹೆಸರು ಕಳೆದುಕೊಂಡವರು ನೀವು. ಎರಡೂ ದೂರು ಸೇರಿದರೆ ಕೇಸು ಗಟ್ಟಿಯಾಗುತ್ತದೆ.

ಏನನ್ನು ತೆಗೆಸಬಾರದು

ಈ ದಾರಿ ಗೊತ್ತಾದ ಮೇಲೆ ನನ್ನ ಅಂಗಡಿಗೆ ಇನ್ನೊಂದು ತರಹದವರೂ ಬರತೊಡಗಿದರು. "ಬಿಸಿನೀರು ಬರಲಿಲ್ಲ ಅಂತ ಒಬ್ಬರು ರಿವ್ಯೂ ಹಾಕಿದ್ದಾರೆ, ತೆಗೆಸಿಕೊಡಿ" ಎನ್ನುತ್ತಾರೆ. ನಾನು ಮಾಡಿಕೊಡುವುದಿಲ್ಲ. ಬಿಸಿನೀರು ಬರದಿದ್ದರೆ ಅದನ್ನು ಹೇಳುವ ಹಕ್ಕು ಅತಿಥಿಗಿದೆ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಪೂರ್ತಿ ರದ್ದು ಮಾಡಿತು. ಯಾರಿಗೋ ಕಿರಿಕಿರಿಯಾಯಿತು ಎಂಬ ಕಾರಣಕ್ಕೆ ಜನರನ್ನು ಹಿಡಿಯಲು ಆ ಸೆಕ್ಷನ್ ಬಳಕೆಯಾಗುತ್ತಿತ್ತು. ಯಾರು ಏನು ದೂರಿದರೂ ಕಂಪನಿಯೇ ನ್ಯಾಯಾಧೀಶನಾಗಿ ತೆಗೆಯಬೇಕಿಲ್ಲ, 79ರ ಅಡಿಯಲ್ಲಿ ಕೋರ್ಟಿನ ಅಥವಾ ಸರ್ಕಾರದ ಆದೇಶ ಬೇಕು ಎಂದೂ ಅದೇ ತೀರ್ಪು ಹೇಳಿತು. ಕಂಪನಿ ಎಲ್ಲ ದೂರಿಗೂ ಹೆದರಿ ಎಲ್ಲವನ್ನೂ ಅಳಿಸತೊಡಗಿದರೆ, ನಾಳೆ ನಮ್ಮೂರಿನ ರಸ್ತೆ ಹಾಳಾಗಿದೆ ಎಂದು ನಾವು ಬರೆದದ್ದೂ ಹೋಗುತ್ತದೆ.

ಬಂದೇ ಇರದವರು ಬರೆದ ಸುಳ್ಳು ರಿವ್ಯೂ ಬೇರೆ ಮಾತು. ಆ ದಿನದ ನಿಮ್ಮ ಅತಿಥಿ ಪುಸ್ತಕದ ಪುಟ ತೋರಿಸಿ ದೂರು ಕೊಡಬಹುದು. ಅತಿಥಿಗಳ ಹೆಸರು, ನಂಬರ್ ಮುಚ್ಚಿ ಕಳಿಸಿ.

ಬುಕಿಂಗ್ ಆ್ಯಪ್ ಜೊತೆ ಜಗಳ ಇದ್ದರೆ

ಇದು ಬೇರೆ ದಾರಿ, ಚುರುಕಾಗಿ ಹೇಳಿಬಿಡುತ್ತೇನೆ. ಅತಿಥಿಗೆ ರೀಫಂಡ್ ಬಂದಿಲ್ಲ ಎಂದಾದರೆ ಅವರು ಗ್ರಾಹಕರು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ್ಯಪ್‌ನವರು 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇಲ್ಲದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ತಾವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ಹೋಂಸ್ಟೇ ನಡೆಸುವ ನಮ್ಮ ತಕರಾರು ಕಮಿಷನ್, ಬೆಲೆ ಷರತ್ತಿನದು. "ಬೇರೆಲ್ಲೂ ಇದಕ್ಕಿಂತ ಕಡಿಮೆ ಬೆಲೆಗೆ ಕೊಡಬಾರದು" ಎಂಬ ಸಾಲು ಒಪ್ಪಂದದಲ್ಲಿದೆಯಾ, ನೋಡಿ. ಇಂಥ ಷರತ್ತುಗಳ ಬಗ್ಗೆ, ಪ್ರತಿಸ್ಪರ್ಧಿಗಳನ್ನು ಹೊರಗಿಡುವ ಒಪ್ಪಂದದ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿ, ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಒಬ್ಬ ಹೋಂಸ್ಟೇ ಮಾಲೀಕ ಒಂಟಿಯಾಗಿ ಆಯೋಗದ ಮುಂದೆ ಹೋಗುವುದು ಕಷ್ಟ. ಸಂಘದ ಮೂಲಕ ಹೋಗಿ.

ನಮ್ಮ ಕೈಯಲ್ಲಿರುವ ಬೇರೆಯವರ ಮಾಹಿತಿ

ಅಕ್ಕನ ಫೋನ್ ತೆರೆದು ಪುರಾವೆ ಹುಡುಕುವಾಗ ನನಗೆ ಇನ್ನೊಂದು ಕಂಡಿತು. ಮೂರು ವರ್ಷದ ಅತಿಥಿಗಳ ಆಧಾರ್ ಕಾರ್ಡಿನ ಫೋಟೋಗಳು. ಗ್ಯಾಲರಿಯಲ್ಲಿ ಮೊಮ್ಮಕ್ಕಳ ಫೋಟೋ ಜೊತೆಗೇ ಇದ್ದವು. ಕೆಲವನ್ನು ಭಾವ ಮನೆಯ ವಾಟ್ಸಾಪ್ ಗುಂಪಿಗೂ ಹಾಕಿದ್ದರು, "ಇವರು ಇವತ್ತು ಬರ್ತಾರೆ" ಎಂದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದೊಡ್ಡ ಕಂಪನಿಗಳ ಹೆಸರು ಹೇಳಿ ಮಾತ್ರ ಬಂದದ್ದಲ್ಲ. ಬೇರೆಯವರ ಮಾಹಿತಿಯನ್ನು ವ್ಯವಹಾರಕ್ಕಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳುವ ನಾವೂ ಅದರ ಒಳಗೇ ಬರುತ್ತೇವೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಸಮಯ ಕೊಟ್ಟಿವೆ. ಕಾಯ್ದೆಯಲ್ಲಿ ಅತಿ ಹೆಚ್ಚಿನ ದಂಡ 250 ಕೋಟಿ. ಅಷ್ಟು ದೊಡ್ಡದು ನಮ್ಮಂಥವರ ಮೇಲೆ ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಆ ಕಾರ್ಡ್ ಫೋಟೋ ಮೋಸಗಾರರ ಕೈಗೆ ಸಿಕ್ಕರೆ ಇನ್ನೊಬ್ಬರ ಹೆಸರಲ್ಲಿ ಇನ್ನೊಂದು ನಕಲಿ ಪೇಜ್, ನಕಲಿ ಸಿಮ್ ಹುಟ್ಟಬಹುದು.

ನಾವು ಅವತ್ತೇ ಕೂತು ಕೆಲಸ ಮುಗಿಸಿದೆವು. ಗುರುತು ನೋಡಿ ದಾಖಲಿಸಬೇಕಾದ್ದನ್ನು ಪುಸ್ತಕದಲ್ಲಿ ಬರೆಯುವುದು. ಪ್ರತಿ ಬೇಕೇಬೇಕು ಎಂದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೇಳುವುದು. ಗುಂಪಿಗೆ ಕಳಿಸುವುದು ನಿಲ್ಲಿಸುವುದು. ಹಳೆಯ ಫೋಟೋಗಳಲ್ಲಿ ಪೊಲೀಸ್ ದೂರಿಗೆ ಸಂಬಂಧಿಸಿದವನ್ನು ಬಿಟ್ಟು ಉಳಿದದ್ದನ್ನು ಅಳಿಸಿದೆವು. ಗುಂಪಿನಲ್ಲಿದ್ದವನ್ನು "ಎಲ್ಲರಿಗೂ ಅಳಿಸು" ಒತ್ತಿ ತೆಗೆಯಲು ಹೋದರೆ ಸಮಯ ಮೀರಿತ್ತು. ಎಲ್ಲರಿಗೂ ಫೋನ್ ಮಾಡಿ, ಅವರವರ ಫೋನಿನಿಂದ ತೆಗೆಸಿದೆವು.

ಪೇಜ್ ಹೋದ ಮೇಲೆ

ಫೈಲನ್ನು ಎಸೆಯಬೇಡಿ. ನಿಮ್ಮ ನಿಜವಾದ ನಂಬರ್ ಯಾವುದು ಎಂದು ನಿಮ್ಮ ಪೇಜಿನ ಮೇಲ್ಭಾಗದಲ್ಲೇ ಬರೆಯಿರಿ, ನಕ್ಷೆಯಲ್ಲಿ ನಿಮ್ಮ ಜಾಗದ ಮಾಲೀಕತ್ವವನ್ನು ದೃಢೀಕರಿಸಿಕೊಳ್ಳಿ. ತಿಂಗಳಿಗೊಮ್ಮೆ ನಿಮ್ಮ ಹೋಂಸ್ಟೇ ಹೆಸರನ್ನೂ ಒಂದೆರಡು ಫೋಟೋಗಳನ್ನೂ ಹುಡುಕಿ ನೋಡಿ.

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ವಾರ ಅದೇ ನಾಯಿಯ ಫೋಟೋ ಬೇರೆ ಹೆಸರಿನ ಪೇಜಿನಲ್ಲಿ ಮತ್ತೆ ಬಂತು. ಅಕ್ಕ ನನಗೆ ಫೋನ್ ಮಾಡಲಿಲ್ಲ. ಹಳೆಯ ಪತ್ರದಲ್ಲಿ ಲಿಂಕ್, ದಿನಾಂಕ ಬದಲಿಸಿ, ಟ್ಯಾಂಕಿನ ಪಕ್ಕ ನಿಂತು ಅವಳೇ ಕಳಿಸಿದ್ದಳು. ಎರಡು ದಿನ ಬಿಟ್ಟು ಟಿಕೆಟ್ ನಂಬರನ್ನೂ ಖಾಲಿ ಪೇಜಿನ ಚಿತ್ರವನ್ನೂ ನನಗೆ ಕಳಿಸಿದಳು.